ಒಂದನೇ ಕ್ಲಾಸಿನ ಗುಟ್ಟು

ಒಂದನೇ ಕ್ಲಾಸಿನ ಟೀಚರಿಗೆ ಬೆಳಗಿನಿಂದ ಒಂದೇ ಯೋಚನೆ. ಸಂಬಳದ ಮಾತಿಗೆ ಶಾಲೆಯ ಮ್ಯಾನೇಜರ್ ಇವತ್ತು ಉತ್ತರ ಕೊಡಬೇಕಿತ್ತು. ಮನೆ ಬಿಡುವಾಗ ಅತ್ತೆ ಬಾಗಿಲಿಗೆ ಬಂದು, "ಹಲ್ಲು ಗಿಂಜ್ಕೊಂಡು 'ಪರವಾಗಿಲ್ಲ ಸಾರ್' ಅಂತ ವಾಪಸ್ ಬಂದ್ಯೋ, ನೋಡ್ಕೋ ಮತ್ತೆ!" ಎಂದು ಗದರಿಯೇ ಕಳಿಸಿದ್ದರು.

ಪಕ್ಕದ ಎರಡನೇ ಕ್ಲಾಸಿನ ಮೇಷ್ಟ್ರು ಮೊನ್ನೆ ಮೊನ್ನೆ ಬಂದವನು. ಅಳುವ ಮಗುವನ್ನು ಸುಮ್ಮನಾಗಿಸುವುದನ್ನೂ ಅವನಿಗೆ ಈಕೆಯೇ ಹೇಳಿಕೊಟ್ಟಿದ್ದಳು. ಪಾಪ, ಕಳ್ಳಕಪಟ ತಿಳಿಯದ ಹುಡುಗ. ಟೀ ಕುಡಿಯುತ್ತ ತನ್ನ ಸಂಬಳ ಹೇಳಿಬಿಟ್ಟ. ಈಕೆಯದಕ್ಕಿಂತ ಕಾಲುಭಾಗ ಜಾಸ್ತಿ! ಶಾಲೆಯ ಅಷ್ಟೂ ಹೆಂಗಸರದ್ದು ಇದೇ ಕಥೆ. ಕೇಳಿದರೆ ಮ್ಯಾನೇಜರ್, "ಅವ್ರು ಸಂಸಾರ ಸಾಕ್ಬೇಕಲ್ಲಮ್ಮಾ" ಎಂದ. ಯಾವ ಸಂಸಾರ, ಮಣ್ಣಾಂಗಟ್ಟಿ! ಮದುವೆಯೇ ಆಗದ ಆ ಹುಡುಗನ ಅಂಗಿ ಇವತ್ತಿಗೂ ಅವನಮ್ಮನೇ ಒಗೆಯುತ್ತಾಳೆ. "ಸಮ ಮಾಡಿ, ಇಲ್ಲಾಂದ್ರೆ ಕೆಲ್ಸ ಬಿಡ್ತೀನಿ" ಎಂದು ಈಕೆಯೂ ಖಡಾಖಂಡಿತವಾಗಿ ಹೇಳಿ ಬಂದಿದ್ದಳು.

ಮ್ಯಾನೇಜರ್ ಪಾಠದ ನಡುವೆಯೇ ಕ್ಲಾಸಿಗೆ ಬಂದ. ಆಫೀಸಿಗೆ ಕರೆದರೆ ಉಳಿದವರು ಮೂಗು ತೂರಿಸುತ್ತಾರೆ, ಈ ಚಿಳ್ಳೆಪಿಳ್ಳೆಗಳಿಗೇನು ತಿಳಿದೀತು ಎಂಬ ಲೆಕ್ಕಾಚಾರ. ಭಾರಿ ಬುದ್ಧಿವಂತ! ಬೋರ್ಡಿನ ಪಕ್ಕ ನಿಂತು ಒಂದೊಂದೇ ಮಾತನ್ನು ಅಳೆದು ತೂಗಿ ಶುರುಮಾಡಿದ.

"ನಿಮಗೆ ಜಾಸ್ತಿ ಕೊಡ್ತೀನಿ."

"ನಿಮಗೆ ಜಾಸ್ತಿ ಕೊಡ್ತೀನಿ!" ಇಡೀ ಕ್ಲಾಸು ಕೂಗಿತು.

ಒಂದನೇ ಕ್ಲಾಸಿನ ಮಕ್ಕಳೇ ಹಾಗೆ. ಬೋರ್ಡಿನ ಹತ್ತಿರ ನಿಂತು ಯಾರು ನಿಧಾನವಾಗಿ ಮಾತಾಡಿದರೂ ಅವಕ್ಕೆ ಅದು ಪಾಠ. ಹೇಳಿದ್ದನ್ನು ಗಂಟಲು ಹರಿಯುವಂತೆ ತಿರುಗಿ ಹೇಳಲೇಬೇಕು.

ಮ್ಯಾನೇಜರ್ ಗಾಬರಿಯಾಗಿ ದನಿ ತಗ್ಗಿಸಿದ. "ನಿಮಗೊಬ್ಬರಿಗೇ."

"ನಿಮಗೊಬ್ಬರಿಗೇ!"

"ಬೇರೆ ಟೀಚರಿಗೆ ಹೇಳ್ಬೇಡಿ!"

"ಬೇರೆ ಟೀಚರಿಗೆ ಹೇಳ್ಬೇಡಿ!"

ಕಾರಿಡಾರಿನ ಉದ್ದಕ್ಕೂ ಪಾಠಗಳು ಗಪ್‌ಚುಪ್. ಮೂರನೇ ಕ್ಲಾಸಿನ ಟೀಚರ್ ಸೀಮೆಸುಣ್ಣ ಹಿಡಿದುಕೊಂಡೇ ಓಡಿಬಂದರು, ಅವರ ಬೆನ್ನಿಗೇ ಉಳಿದವರು.

"ಸುಮ್ನಿರಿಸ್ರಮ್ಮಾ ಇವ್ರನ್ನ!" ಎಂದು ಮ್ಯಾನೇಜರ್ ಹಲ್ಲು ಕಡಿದ.

ಆಕೆ ತುಟಿಯ ಮೇಲೆ ಬೆರಳಿಟ್ಟರೆ ಸಾಕಿತ್ತು, ಕ್ಲಾಸು ತೆಪ್ಪಗಾಗುತ್ತಿತ್ತು. ಕೇಳಿದ್ದು ಸಿಕ್ಕಿತ್ತು, ಅತ್ತೆಯ ಮುಂದೆ ಬೀಗಬಹುದಿತ್ತು. ಕೈ ಅರ್ಧ ಎತ್ತಿದಳು ಕೂಡ. ಬಾಗಿಲಲ್ಲಿ ಮೂರನೇ ಕ್ಲಾಸಿನ ಟೀಚರ್ ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿದ್ದರು. ಅಯ್ಯೋ, ಆ ಮುಖ ನೋಡಿಕೊಂಡು ಒಬ್ಬಳೇ ಹೇಗೆ ತಿನ್ನುವುದು! ಕೈ ಇಳಿಸಿದಳು. ನಗು ಉಕ್ಕಿಬಂತು.

"ಎಲ್ಲಾ ಟೀಚರಿಗೂ," ಎಂದಳು, ಕೊನೇ ಬೆಂಚಿಗೆ ಕೇಳುವ ದನಿಯಲ್ಲಿ.

"ಎಲ್ಲಾ ಟೀಚರಿಗೂ!"

"ಒಂದೇ ಸಂಬಳ."

"ಒಂದೇ ಸಂಬಳ!" ಈ ಸಲ ಗೋಡೆಯಾಚೆಯ ಎರಡನೇ ಕ್ಲಾಸೂ ದನಿಗೂಡಿಸಿತು, ಹೋದ ವರ್ಷ ಆಕೆಯ ಕೈಯಲ್ಲೇ ಕಲಿತ ಮಕ್ಕಳಲ್ಲವೇ. ಆಮೇಲೆ ಮೂರನೇದೂ ಸೇರಿಕೊಂಡಿತು.

ಮ್ಯಾನೇಜರ್ ಬೆವರೊರೆಸಿಕೊಂಡು ಬಾಗಿಲ ಕಡೆ ನೋಡಿದ. ಜಾರಿಕೊಳ್ಳಲು ದಾರಿಯೇ ಇರಲಿಲ್ಲ.

"ಆಯ್ತು," ಎಂದ. "ಎಲ್ಲರಿಗೂ ಕೊಡ್ತೀನಿ."

ಮಕ್ಕಳು ಬಾಯಿ ತೆರೆಯುವ ಮೊದಲೇ, ಬಾಗಿಲಲ್ಲಿದ್ದ ಟೀಚರುಗಳೆಲ್ಲ ಒಕ್ಕೊರಲಿನಿಂದ ತಿರುಗಿ ಹೇಳಿದರು: "ಎಲ್ಲರಿಗೂ ಕೊಡ್ತೀನಿ!"