ಮೀನುಗಾರನ ಮಿಕ್ಕ ಕಥೆ

ಅಭಿನಯಾಗೆ ಭಕ್ತಿ ಇರಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ಪುರುಸೊತ್ತು ಇರಲಿಲ್ಲ, ಅಷ್ಟೇ. ಬೆಳಗ್ಗೆ ಆರೂಮುಕ್ಕಾಲಿಗೆ ಸಿರುಮುಗೈ ಬಿಟ್ಟು, ಮೇಟ್ಟುಪಾಳ್ಯಂನಲ್ಲಿ ಬಸ್ಸು ಬದಲಿಸಿ, ಪೆರಿಯನಾಯಕನಪಾಳ್ಯಂ ದಾಟಿ ಇಂಜಿನಿಯರಿಂಗ್ ಕಾಲೇಜು ಸೇರುವಷ್ಟರಲ್ಲಿ ಅವಳ ಅರ್ಧ ಜೀವ ಹೋಗಿರುತ್ತಿತ್ತು. ಮಿಕ್ಕ ಅರ್ಧವನ್ನು ಲ್ಯಾಬು, ಇಂಟರ್ನಲ್ಸು, ಪ್ರಾಜೆಕ್ಟು ಹಂಚಿಕೊಳ್ಳುತ್ತಿದ್ದವು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರೆ ಆಮೆನ್ ಬರುವ ಮೊದಲೇ ನಿದ್ದೆ ಬರುತ್ತಿತ್ತು. ದೇವರು ಅರ್ಥ ಮಾಡಿಕೊಳ್ಳುತ್ತಾನೆ ಅಂದುಕೊಂಡಿದ್ದಳು. ಅವನೇನು ಹಾಜರಿ ಪುಸ್ತಕ ಹಿಡಿದು ಕೂತಿಲ್ಲವಲ್ಲ.

ಹಾಜರಿ ಹಿಡಿಯುತ್ತಿದ್ದವಳು ಅಜ್ಜಿ ಕಾಮಾಕ್ಷಿಯಮ್ಮ. ತಲೆಮಾರುಗಳಿಂದ ರೇಷ್ಮೆ ಸೀರೆ ನೇಯುತ್ತ ಚೌಡೇಶ್ವರಿಗೆ ಕೈ ಮುಗಿಯುತ್ತ ಬಂದ ಮನೆ ಅದು. ಮೂರು ವರ್ಷದ ಹಿಂದೆ ತಾತ ಹಾಸಿಗೆ ಹಿಡಿದಾಗ ಚರ್ಚಿನ ಹೆಂಗಸರು ದಿನಾ ಬಂದು ಅವರ ಮೈ ಒರೆಸಿ, ಪಕ್ಕದಲ್ಲಿ ಕೂತು ಜೆಬ ಮಾಡಿ ಹೋಗುತ್ತಿದ್ದರು. ತಾತ ಉಳಿಯಲಿಲ್ಲ. ಆದರೆ ಅಜ್ಜಿ ಆ ಪ್ರಾರ್ಥನೆಯನ್ನು ಬಿಡಲಿಲ್ಲ. ಮೊಮ್ಮಗಳ ಕೈ ಹಿಡಿದು ಚರ್ಚಿಗೆ ಹೋಗತೊಡಗಿದಳು. ಇಬ್ಬರೂ ಒಂದೇ ದಿನ ಭವಾನಿ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದರು. ಅಪ್ಪ ಕಾರ್ತಿ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ನೆಂಟರಿಷ್ಟರಿಗೆ ತಿಳಿಸುವ ಗೋಜಿಗಂತೂ ಯಾರೂ ಹೋಗಲಿಲ್ಲ.

ಅಜ್ಜಿಗೆ ಅಕ್ಷರ ಗೊತ್ತಿಲ್ಲ. ಬೀದಿಯ ತಮಿಳು ನೀರು ಕುಡಿದಷ್ಟು ಸಲೀಸು, ಆದರೆ ವೇದಪುಸ್ತಕದ ಹಳೇ ತಮಿಳು ತಲೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ದಿನಾ ಸಂಜೆ ಏಳಕ್ಕೆ ಅಭಿನಯಾ ತಮಿಳಿನಲ್ಲಿ ಓದಿಕೊಂಡು ಮನೆಮಾತಿನ ಕನ್ನಡದಲ್ಲಿ ಹೇಳಬೇಕು. ಓದಲು ಹಿಡಿದ ಭಾಗದ ಮೊದಲ ಪುಟದ ಉದ್ದನೆಯ ವಂಶಾವಳಿಯನ್ನು ಅವಳು ಮೊದಲ ದಿನವೇ ಹಾರಿಸಿದ್ದಳು. ಅದರಿಂದ ಯಾರಿಗೂ ನಷ್ಟವಿಲ್ಲ ಅನ್ನಿಸಿತ್ತು. ಮೂರನೇ ವರ್ಷದ ಪರೀಕ್ಷೆಗಳು ಹತ್ತಿರ ಬಂದಂತೆ ಕೈಚಳಕ ಹೆಚ್ಚಾಯಿತು. ಎರಡು ಪುಟಕ್ಕೆ ನಾಲ್ಕು ಮಾತು. ಒಂದೇ ವಿಷಯ ಮತ್ತೆ ಮತ್ತೆ ಬಂದರೆ "ಹಂಗೇ ಮೂರು ಸಲ ಆಯ್ತು" ಅಂತ ಒಂದೇ ಏಟಿಗೆ ಮುಗಿಸುವುದು. ಅಜ್ಜಿ ಎಲ್ಲವನ್ನೂ ಬಾಯಿ ತೆರೆದು ನಂಬುತ್ತಿದ್ದಳು.

ಆ ಪುಸ್ತಕದಲ್ಲಿ ಅಜ್ಜಿಗೆ ಮೆಚ್ಚಿನವನು ಒಬ್ಬ ಮೀನುಗಾರ ಶಿಷ್ಯ. ಬಾಯಿಬಡುಕ, ಮುಂಗೋಪಿ, ಆದರೆ ಗುರುವೆಂದರೆ ಪ್ರಾಣ. ಪ್ರಾಣ ಹೋದರೂ ನಿನ್ನನ್ನು ಬಿಡಲಾರೆ ಅಂತ ಕೊಚ್ಚಿಕೊಂಡಿದ್ದವನು, ಗುರುವನ್ನು ಹಿಡಿದೊಯ್ದ ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತ ನಿಂತು, ಅವನ ಗುರುತೇ ನನಗಿಲ್ಲ ಅಂತ ಮೂರು ಸಲ ಹೇಳಿಬಿಟ್ಟ. ಗುರು ಮೊದಲೇ ಎಚ್ಚರಿಸಿದ್ದಂತೆ ಆಗ ಕೋಳಿ ಕೂಗಿತು. ಹೊರಗೆ ಹೋಗಿ ಅತ್ತ. ಅದನ್ನು ಕೇಳಿದ ದಿನ ಅಜ್ಜಿ ರಾತ್ರಿ ಊಟ ಮಾಡಿರಲಿಲ್ಲ.

ಫೆಬ್ರವರಿಯ ಒಂದು ಸಂಜೆ ಕೊನೆಯ ಅಧ್ಯಾಯವೊಂದು ಬಾಕಿ ಇತ್ತು. ಪ್ರಾಜೆಕ್ಟಿನ ಜೊತೆಗಾರ ನವನೀತನ್ ಮೂರನೇ ಸಲ ಫೋನ್ ಮಾಡುತ್ತಿದ್ದ. ಗುರು ಸಮಾಧಿಯಿಂದ ಎದ್ದು ಬಂದದ್ದನ್ನು ಗಡಿಬಿಡಿಯಲ್ಲಿ ಹೇಳಿ ಮುಗಿಸಿದಳು.

"ಅಪ್ಪುರ ಆ ಮೀನುಗಾರ ಏನಾದ?" ಅಜ್ಜಿ ಕೇಳಿದಳು.

"ಅವನ ಕಥೆ ಅಷ್ಟೇ ಅಜ್ಜಿ, ಮುಗೀತು," ಅಂತ ಪುಸ್ತಕ ಮುಚ್ಚಿ ಎದ್ದು ಹೋದಳು.

ಮುಂದಿನ ಭಾಗ ಶುರು ಮಾಡು ಅಂತ ಅಜ್ಜಿ ಆಮೇಲೆ ಕೇಳಲಿಲ್ಲ. ಏಪ್ರಿಲ್‌ನಿಂದ ಮಂಡಿ ನೋವು ಅಂತ ಚರ್ಚಿಗೆ ಹೋಗುವುದನ್ನೂ ನಿಲ್ಲಿಸಿದಳು. ಅಭಿನಯಾಗೆ, ನಿಜ ಹೇಳಬೇಕೆಂದರೆ, ಹಾಯೆನಿಸಿತು. ಭಾನುವಾರದ ಬೆಳಗು ಪೂರ್ತಿ ಪ್ರಾಜೆಕ್ಟಿಗೆ ಸಿಕ್ಕಿತು. ಅವಳೂ ಚರ್ಚಿನ ಕಡೆ ತಲೆ ಹಾಕಲಿಲ್ಲ. ಗಂಟೆ ಕೇಳಿದಾಗ ಮಾತ್ರ ಚಪ್ಪಲಿಯೊಳಗೆ ಸಣ್ಣ ಕಲ್ಲು ಸಿಕ್ಕ ಹಾಗೆ ಏನೋ ಒತ್ತುತ್ತಿತ್ತು. ಆಗ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದಳು.

ಜೂನ್‌ನಲ್ಲಿ ಪರೀಕ್ಷೆ ಮುಗಿದ ಮೇಲಿನ ಭಾನುವಾರ ಇನ್ನು ನೆಪ ಉಳಿದಿರಲಿಲ್ಲ. ತಲೆ ಬಾಚಿಕೊಂಡು ಅಜ್ಜಿಯನ್ನು ಕರೆಯಲು ಹೋದಳು. ಅಜ್ಜಿ ಆರಾಮಾಗಿ ಮಗ್ಗದ ಗುಂಡಿಗೆ ಇಳಿದು, ಕಾಲು ಇಳಿಬಿಟ್ಟು, ತುಂಡಾದ ಎಳೆಗೆ ಗಂಟು ಹಾಕುತ್ತಿದ್ದಳು.

"ಮಂಡಿ ನೋವು ಅಂತೀಯ, ಗುಂಡಿಗೆ ಹೆಂಗೆ ಇಳಿದೆ?"

ಅಜ್ಜಿ ಸಿಕ್ಕಿಬಿದ್ದ ಮಗುವಿನಂತೆ ನೋಡಿದಳು. ಆಮೇಲೆ ಎಳೆಯನ್ನು ನೋಡುತ್ತಲೇ ಹೇಳಿದಳು. "ಮಂಡಿ ಚೆನ್ನಾಗೇ ಇದೆ, ನನ್ನ ಕಣ್ಣು. ನಾನೇ ಚೆನ್ನಾಗಿಲ್ಲೆ. ಮಾರ್ಚ್‌ನಲ್ಲಿ ಕರುಮತ್ತಂಪಟ್ಟಿಯಿಂದ ನಮ್ಮಣ್ಣ ನಂಜಪ್ಪನ್ ಬಂದಿದ್ದನಲ್ಲ? ಏನಮ್ಮ, ಚರ್ಚಿಗೆ ಹೋಗ್ತೀಯಂತೆ, ಊರೆಲ್ಲ ಹೇಳ್ತಾರೆ ಅಂದ. ಅವನ ಮುಖ ನೋಡಿ ಭಯ ಆಯ್ತು. ಅಯ್ಯೋ ಇಲ್ಲೆ ಅಣ್ಣ, ಹುಡುಗಿ ಹೋಗ್ತಾಳೆ, ನಾನು ಸುಮ್ಮಾ ಜೊತೇಲಿ ಹೋಗ್ತೀನಿ, ನನಗೂ ಅದಕ್ಕೂ ಏನೂ ಸಂಬಂಧ ಇಲ್ಲೆ ಅಂದುಬಿಟ್ಟೆ."

"ಅದಕ್ಕೆ ಚರ್ಚು ಬಿಡ್ತಾರಾ ಅಜ್ಜಿ?"

"ಮತ್ತೆ? ಆ ಮೀನುಗಾರನಂಥ ಮೀನುಗಾರನಿಗೇ ಮನ್ನಿಪ್ಪು ಸಿಗಲಿಲ್ಲೆ. ಅತ್ತ, ಹೋದ, ಅಷ್ಟೇ ಅಂತ ನೀನೇ ಹೇಳಿದೆಯಲ್ಲ. ಪಾವ, ಅವನಿಗೆ ಕೋಳಿಯಾದ್ರೂ ಕೂಗಿತು. ನನಗೆ ಅದೂ ಇಲ್ಲೆ. ಯಾವ ಮುಖ ಇಟ್ಕೊಂಡು ಅಲ್ಲಿ ಹೋಗಿ ಕೂರಲಿ?"

ಅಭಿನಯಾಗೆ ಆಗ ಅರ್ಥವಾಯಿತು. ಮುಚ್ಚಿದ ಬಾಗಿಲ ಹೊರಗೆ ಅಜ್ಜಿ ಇಷ್ಟು ದಿನ ಒಬ್ಬಳೇ ನಿಂತಿದ್ದಳು. ಬಾಗಿಲು ಮುಚ್ಚಿದವಳು ತಾನು, ಅದೂ ಒಂದು ಫೋನ್ ಕರೆಗಾಗಿ. ಆ ಪ್ರಾಜೆಕ್ಟಿಗೆ ಬಂದ ಅಂಕವನ್ನು ನೆನೆದು ಅವಳಿಗೆ ಹೇಸಿಗೆಯಾಯಿತು.

ಒಳಗೆ ಹೋಗಿ ಪುಸ್ತಕ ತಂದಳು. ಗುಂಡಿಯ ಅಂಚಿನಲ್ಲಿ ಕೂತು ಕೊನೆಯ ಅಧ್ಯಾಯ ತೆಗೆದಳು. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದ ಮೀನುಗಾರನ ಕಥೆ, ಬೆಳಗ್ಗೆ ದಡದಲ್ಲಿ ಕೆಂಡದ ಮೇಲೆ ಮೀನು ಸುಡುತ್ತ ಕಾದಿದ್ದ ಗುರುವಿನ ಕಥೆ. ಈಜಿಕೊಂಡೇ ದಡ ಸೇರಿದ ಮೀನುಗಾರನನ್ನು ಗುರು ಬೈಯಲಿಲ್ಲ. ಮೊದಲು ತಿಂಡಿ ಕೊಟ್ಟ, ಆಮೇಲೆ ನಿನಗೆ ನನ್ನ ಮೇಲೆ ಪ್ರೀತಿ ಉಂಟೇ ಅಂತ ಕೇಳಿದ.

"ಹಂಗೇ ಮೂರು ಸಲ..." ಅನ್ನಲು ಹೋಗಿ ಅಭಿನಯಾ ನಾಲಿಗೆ ಕಚ್ಚಿಕೊಂಡಳು. ಮೊದಲ ಸಲ ಕೇಳಿದ್ದನ್ನು ಹೇಳಿದಳು, ಅವನು ಕೊಟ್ಟ ಉತ್ತರ ಹೇಳಿದಳು. ಎರಡನೆಯ ಸಲದ್ದನ್ನು ಪೂರ್ತಿ ಹೇಳಿದಳು. ಮೂರನೆಯ ಸಲಕ್ಕೆ ಮೀನುಗಾರನಿಗೆ ಸಂಕಟವಾಯಿತು ಅನ್ನುವುದನ್ನೂ ಬಿಡಲಿಲ್ಲ. ಕೊನೆಗೆ ಗುರು ತನ್ನ ಕುರಿಗಳನ್ನೆಲ್ಲ, ಅಂದರೆ ತನ್ನನ್ನು ನಂಬಿದವರನ್ನೆಲ್ಲ, ಅವನ ಕೈಗೇ ಒಪ್ಪಿಸಿದ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪುಸ್ತಕದತ್ತ ಬೆರಳು ತೋರಿಸಿ ಕೇಳಿದಳು.

"ಇದು ಅವತ್ತೂ ಈ ಪುಸ್ತಕದಲ್ಲಿ ಇತ್ತಾ?"

ಬೇರೆ ಪುಸ್ತಕದಲ್ಲಿತ್ತು, ಈಗ ಸಿಕ್ಕಿತು ಅನ್ನಬಹುದಿತ್ತು. ಅಜ್ಜಿ ನಂಬುತ್ತಿದ್ದಳು. ಆ ನಂಬಿಕೆಯೇ ಈಗ ಅಭಿನಯಾಗೆ ತಡೆಯಲಾಗದ ಭಾರವಾಗಿತ್ತು.

"ಇತ್ತು ಅಜ್ಜಿ. ನಾನೇ ಬಿಟ್ಟೆ. ಫೋನ್ ಬಂತು ಅಂತ ಬಿಟ್ಟೆ."

ಅಜ್ಜಿಯ ಕೈ ಎಳೆಯ ಮೇಲೆ ನಿಂತಿತು. "ನಾಲ್ಕು ತಿಂಗಳು, ಕಣ್ಣು," ಅಂದಳು. ಬೈದಿದ್ದರೆ ವಾಸಿಯಾಗಿತ್ತು. ಅಭಿನಯಾ ತಲೆ ತಗ್ಗಿಸಿ ಅತ್ತಳು; ಅಜ್ಜಿ ಸಮಾಧಾನ ಮಾಡಲು ಬರಲಿಲ್ಲ.

ಅಳು ನಿಂತ ಮೇಲೆ ಅಜ್ಜಿ ಕೇಳಿದಳು. "ಇನ್ನೇನೇನು ಬಿಟ್ಟಿದ್ದೀಯ?"

"ಬಾಳ ಬಿಟ್ಟಿದ್ದೀನಿ ಅಜ್ಜಿ. ಮೊದಲ ಪುಟದಿಂದಾನೇ. ಅಲ್ಲಿ ಬರೀ ಹೆಸರು, ಯಾರ ಮಗ ಯಾರು ಅಂತ."

"ಯಾರ ಮಗ ಅನ್ನೋದನ್ನೇ ಬಿಟ್ಟೆಯಾ? ನಮ್ಮ ಜನ ಮನೆಗೆ ಯಾರು ಬಂದರೂ ಮೊದಲು ಕೇಳೋದೇ ಅದು." ಅಜ್ಜಿ ಗುಂಡಿಯಿಂದ ಮೇಲೆ ಬರಲು ಕೈ ನೀಡಿದಳು. "ನಡಿ, ಮೊದಲು ಚರ್ಚಿಗೆ ಹೋಗಿ ಬರೋಣ. ಸಂಜೆ ಅಣ್ಣನಿಗೆ ಫೋನ್ ಹಾಕಿಕೊಡು, ನಾನು ಅವನಿಗೆ ಹೇಳೋದಿದೆ. ಅಪ್ಪುರ ಮೊದಲ ಪುಟ ತೆಗಿ."

ಅಂದು ಸಂಜೆ ಅಜ್ಜಿ ಅಣ್ಣನ ಹತ್ತಿರ ನಿಜ ಹೇಳಿದಳು. ಆ ಕಡೆಯಿಂದ ಫೋನ್ ಕಟ್ಟಾಯಿತು. ಅಜ್ಜಿ ಅದನ್ನು ಮೊಮ್ಮಗಳ ಕೈಗೆ ಕೊಟ್ಟು, ಗೋಡೆಗೆ ಒರಗಿ ಕೂತು, ಓದು ಅಂದಳು. ಅಭಿನಯಾ ಫೋನನ್ನು ಆಫ್ ಮಾಡಿ ಮೊದಲ ಪುಟ ತೆಗೆದಳು. ಗುರುವಿನ ವಂಶದ ನಲವತ್ತಕ್ಕೂ ಹೆಚ್ಚು ಹೆಸರುಗಳಿದ್ದವು. ಬಾಯಿ ತಿರುಗದ ಹೆಸರುಗಳನ್ನು ಎರಡೆರಡು ಸಲ ಓದಿದಳು. ಒಂದೊಂದು ಹೆಸರಿಗೂ ಅಜ್ಜಿ ತಲೆ ಎತ್ತಿ ಅವಳ ಮುಖ ನೋಡುತ್ತಿದ್ದಳು. ಮೊದಲೆಲ್ಲ ಹಾಗೆ ನೋಡುತ್ತಿರಲಿಲ್ಲ.