ಹನ್ನೊಂದು ತಿಂಗಳ ಕ್ಲಚ್ಚು

2024ರ ಫೆಬ್ರವರಿ 11, ಭಾನುವಾರ, ಬೆಳಿಗ್ಗೆ 9 ಗಂಟೆ 20 ನಿಮಿಷ. ಶೆಟ್ಟಿಕೆರೆಯ ತನ್ನ ಮನೆಯ ಜಗಲಿಯಲ್ಲಿ ಕೂತು ಕೊಬ್ಬರಿ ವ್ಯಾಪಾರಿ ರೇಣುಕಪ್ರಸಾದ್ ಹೆಂಡತಿ ಸಿಂಧುಗೆ ಕ್ಲಚ್ ಎಂದರೇನೆಂದು ವಿವರಿಸುತ್ತಿದ್ದ. ಸಿಂಧು ಚಿಕ್ಕನಾಯಕನಹಳ್ಳಿಯ ಪಿಯು ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದವಳು. ಘರ್ಷಣೆಯ ಪಾಠವನ್ನು ಪ್ರತಿ ವರ್ಷ ಎರಡು ಸೆಕ್ಷನ್ನಿಗೆ ಮಾಡುತ್ತಿದ್ದಳು. ಗಂಡ ಅದನ್ನು ಮರೆತಿರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಅವನಿಗೆ ಹೊಳೆದಿರಲಿಲ್ಲ, ಅಷ್ಟೆ.

ಮಾತು ಹೊಸ ಕಾರಿನದು. ನೂರ ಅರವತ್ತು ಕುದುರೆ ಶಕ್ತಿಯ, ಓಟಕ್ಕೆಂದೇ ಮಾಡಿದ ಕಾರು. ಮ್ಯಾನ್ಯುವಲ್ ಗೇರಿನದೂ ಸಿಗುತ್ತಿತ್ತು, ಆಟೋಮ್ಯಾಟಿಕ್ಕೂ ಸಿಗುತ್ತಿತ್ತು. ಯಾವುದು ಬೇಕೆಂದು ಸಂಜೆ ಐದರೊಳಗೆ ತಿಳಿಸಬೇಕೆಂದು ತುಮಕೂರಿನ ಶೋರೂಮಿನ ಸೂರ್ಯಪ್ರಕಾಶ್ ಹೇಳಿದ್ದ.

ಎರಡು ವರ್ಷದ ಹಿಂದೆ ಸಿಂಧು ಕಾಯಿ ಅಟ್ಟದ ಏಣಿಯಿಂದ ಜಾರಿ ಬಿದ್ದು ಎಡಗಾಲಿನ ಪಾದದ ಕೀಲು ಮುರಿದುಕೊಂಡಿದ್ದಳು. ಒಳಗೆ ಮೂರು ಸ್ಕ್ರೂ ಇದ್ದವು. ನಡೆಯಲು ತೊಂದರೆಯಿರಲಿಲ್ಲ, ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಅದಕ್ಕೂ ಮುಂಚೆ ಅವಳು ತಾನೇ ಕಾರು ಓಡಿಸಿಕೊಂಡು ಕಾಲೇಜಿಗೆ ಹೋಗುತ್ತಿದ್ದವಳು. ಈಗ ಕಂಬಿ ಹಿಡಿದು ಬಸ್ಸಿನಲ್ಲಿ ನಿಂತು ಹೋಗುತ್ತಿದ್ದಳು. ಆಟೋಮ್ಯಾಟಿಕ್ ಬಂದರೆ ಸ್ಟೀರಿಂಗ್ ಮತ್ತೆ ಅವಳ ಕೈಗೆ ಬರುತ್ತಿತ್ತು.

"ಆಟೋಮ್ಯಾಟಿಕ್ ಅಂದ್ರೆ ನಾಕು ಚಕ್ರದ ಸ್ಕೂಟಿ ಕಣೇ. ಅದ್ರಾಗೆ ಕೊಬ್ಬರಿ ಮಂಡಿಗೆ ಹೋಗಿಳುದ್ರೆ ಜನ ಏನಂದಾರು?"

"ಸಾಹುಕಾರ್ರು ಬಂದ್ರು ಅಂತಾರೆ."

"ಸ್ಪೀಡಿನ ಗಾಡೀಗೆ ಗೇರು ಕಿವೀಲಿ ಕೇಳಿ ಹಾಕ್ಬೇಕು. ಮಿಷಿನ್ನಿಗೆ ಕಿವಿ ಎಲ್ಲೈತೆ?"

"ನಿಂಗಿರೋ ಎರಡು ಕಿವೀಲಿ ಒಂದಾದ್ರೂ ಹೆಂಡ್ತಿ ಕಡೆ ತಿರುಗ್ಸೋ," ಎಂದರು ಒಳಗಿನಿಂದ ಅವನ ತಾಯಿ ವಿಮಲಮ್ಮ.

ಆ ಕಿವಿಯನ್ನು ಮಾತ್ರ ಸಿಂಧು ಅಲ್ಲಗಳೆಯುವಂತಿರಲಿಲ್ಲ. ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿಯನ್ನು ಅವನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸುತ್ತಿದ್ದ. ಒಳಗಿನ ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಲೊಡಲೊಡ ಅಂದರೆ ಬಲಿತಿದೆ ಎನ್ನುತ್ತಿದ್ದ. ನೂರು ಕಾಯಿಗೆ ಎರಡು ಕೂಡ ತಪ್ಪುತ್ತಿರಲಿಲ್ಲ. ಒಮ್ಮೆ ಅವಳೇ ಒಡೆಸಿ ಎಣಿಸಿದ್ದಳು. ಕಷ್ಟವೆಂದರೆ ಆ ನೂರು ಕಾಯಿಯ ಗರ್ವವನ್ನು ಅವನು ಕಾಯಿಯಲ್ಲದ ಎಲ್ಲದಕ್ಕೂ ಹಂಚುತ್ತಿದ್ದ. ಮಳೆ, ಚುನಾವಣೆ, ಮಕ್ಕಳ ಕೆಮ್ಮು, ಈಗ ಇಂಜಿನ್.

ಇನ್ನು ಅವನ ಎಡಗಾಲು. ಗೇರು ಹಾಕಿಯಾದ ಮೇಲೂ ಅದು ಕ್ಲಚ್ಚಿನ ಮೇಲೆಯೇ, ಮಂಚದ ಮೇಲೆ ಚಾಚಿದಂತೆ ಇರುತ್ತಿತ್ತು. ಹಾಗಿಟ್ಟರೆ ಒಳಗಿನ ಪ್ಲೇಟು ಉಜ್ಜಿ ಸವೆಯುತ್ತದೆಂದು ಅವಳು ನಾಲ್ಕು ಸಲ ಹೇಳಿದ್ದಳು. "ಕಾಲು ಅಲ್ಲಿದ್ರೇನೆ ಗಾಡಿ ಹತೋಟೀಲಿರೋದು" ಎಂದಿದ್ದ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಈಗಿನ ಕಾರಿಗೆ ಹನ್ನೊಂದು ತಿಂಗಳ ಹಿಂದೆ ಹೊಸ ಕ್ಲಚ್ ಪ್ಲೇಟು ಹಾಕಿಸಿ, ಹಳೆಯದನ್ನು ಸವೆಸಿದವನು ಕಾರಿನ ಹಿಂದಿನ ಮಾಲೀಕ, ಅವನಿಗೆ ಓಡಿಸೋಕೇ ಬರುತ್ತಿರಲಿಲ್ಲ ಎಂದು ಊರಿಗೆಲ್ಲ ಸಾರಿದ್ದ.

"ಒಂದು ಪರೀಕ್ಷೆ ಮಾಡೋಣ ರೀ," ಎಂದಳು ಸಿಂಧು. "ಗ್ಯಾರೇಜಿನ ಗಂಗರಾಜು ಹತ್ರ ಈ ಕಾರಿನ ಪ್ಲೇಟು ಬಿಚ್ಚಿಸೋಣ. ಚೆನ್ನಾಗಿದ್ರೆ ಮ್ಯಾನ್ಯುವಲ್ ತಗೊಳ್ಳಿ. ನಾನು ಬಸ್ಸಲ್ಲೇ ಹೋಗ್ತೀನಿ, ಮತ್ತೆ ಬಾಯಿ ಬಿಡಲ್ಲ. ಸವೆದಿದ್ರೆ ಆಟೋಮ್ಯಾಟಿಕ್."

"ಆಗ್ಲಿ ಬುಡು. ಸೋತ್ಮೇಲೆ ಮುಖ ಊದಿಸ್ಬಾರ್ದು."

ಚಿಕ್ಕನಾಯಕನಹಳ್ಳಿ ದಾರಿಯಲ್ಲಿ ಅವಳು ನೋಟ್‌ಬುಕ್ ತೆರೆದಳು. ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಹೋಗುವಾಗ ಇಂಜಿನ್ ನಿಮಿಷಕ್ಕೆಷ್ಟು ಸುತ್ತುತ್ತದೆಂದು ತೋರಿಸುವ ಮುಳ್ಳು ಎರಡು ಸಾವಿರದಲ್ಲಿತ್ತು, ವೇಗ ಐವತ್ತು. ಗೇರು ಬದಲಾಗದಿದ್ದರೆ ಈ ಅನುಪಾತವೂ ಬದಲಾಗಕೂಡದು. ಮುಳ್ಳು ಮೂರು ಸಾವಿರಕ್ಕೆ ಬಂದಾಗ ವೇಗ ಎಪ್ಪತ್ತೈದು ಇರಲೇಬೇಕು. ಏರಿನಲ್ಲಿ ಆಕ್ಸಿಲರೇಟರನ್ನು ಪೂರಾ ತುಳಿಯಲು ಹೇಳಿದಳು. ಇಂಜಿನ್ ಬೊಬ್ಬೆ ಹೊಡೆಯಿತು. ಮುಳ್ಳು ಮೂರು ಸಾವಿರ ಮುಟ್ಟಿತು. ವೇಗ ಐವತ್ತೆಂಟು. ಹಿಂದಿನಿಂದ ಬಂದ ಹಾಲಿನ ವ್ಯಾನು ಹಾರ್ನ್ ಮಾಡಿ ಮುಂದೆ ಹೋಯಿತು.

"ಕೇಳ್ದೇನೇ?" ರೇಣುಕಪ್ರಸಾದನ ಮುಖ ಅರಳಿತು. "ಹೆಂಗೆ ಬಿಟ್ಕಂಡೈತೆ ಸೌಂಡು! ಪ್ಲೇಟು ಹಾಕ್ಸಿ ಸರಿಯಾಗಿ ಹನ್ನೊಂದು ತಿಂಗ್ಳು. ಬಲ್ತೈತೆ ಗಾಡಿ!"

ಸಿಂಧು ಪೆನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಅವನು ಜಂಬ ಕೊಚ್ಚುತ್ತಿರಲಿಲ್ಲ, ನಂಬಿದ್ದ. ಇಡೀ ಆಯುಷ್ಯ ಒಳಗಿನದು ಬಿಟ್ಟುಕೊಂಡ ಸದ್ದಿಗೆ ಒಳ್ಳೆಯ ದರ ಪಡೆದವನಿಗೆ, ಬಿಟ್ಟುಕೊಂಡದ್ದೆಲ್ಲ ಬಲಿತದ್ದೇ.

"ಬಿಟ್ಟುಕೊಂಡಿರೋದು ನಿಜ ರೀ," ಎಂದಳು. "ಚಕ್ರದಿಂದ ಇಂಜಿನ್ ಬಿಟ್ಟುಕೊಂಡಿದೆ."

ಗ್ಯಾರೇಜಿನ ಮುಂದೆ ಕಾರು ನಿಲ್ಲುವ ಮೊದಲೇ ಮೆಕ್ಯಾನಿಕ್ ಗಂಗರಾಜು ಮೂಗು ಮುಚ್ಚಿಕೊಂಡ. "ಏನ್ ಸುಟ್ಟ ಕಮಟು ವಾಸ್ನೆ! ಅಣ್ಣಾ, ಕ್ಲಚ್ ಮೇಲೆ ಕಾಲಿಟ್ಕಂಡೇ ಓಡಿಸ್ತೀರಾ?"

"ಛೆ ಛೆ, ಯಾರಪ್ಪಾ ಹೇಳ್ದೋರು?"

ಗಂಗರಾಜು ಕಿಟಕಿಯಿಂದ ತಲೆ ತೂರಿಸಿ ಕೆಳಗೆ ನೋಡಿದ. ಸಿಂಧುವೂ ನೋಡಿದಳು. ಕೊನೆಗೆ ರೇಣುಕಪ್ರಸಾದನೂ ನೋಡಿದ. ಇಂಜಿನ್ ಆಫಾಗಿತ್ತು, ಕೀ ಕೈಯಲ್ಲಿತ್ತು. ಎಡಗಾಲು ಕ್ಲಚ್ಚಿನ ಮೇಲಿತ್ತು.

"ಈಗ ತಾನೆ ಇಟ್ಟೆ ಕಣಪ್ಪ," ಎಂದ.

ಪ್ಲೇಟು ಹೊರಬರುವಷ್ಟರಲ್ಲಿ ಮೂರು ಗಂಟೆ. ಅಂಚು ಕರಕಲಾಗಿತ್ತು. ಗಂಗರಾಜು ಅದನ್ನು ಬೆಂಚಿನ ಮೇಲೆ ಹೊಸದರ ಪಕ್ಕಕ್ಕಿಟ್ಟ. ಹಳೆಯದು ಎದ್ದು ಕಾಣುವಷ್ಟು ತೆಳ್ಳಗಾಗಿತ್ತು. ರೇಣುಕಪ್ರಸಾದ್ ಹಳೆಯದನ್ನು ಎತ್ತಿ, ಅಭ್ಯಾಸಬಲದಿಂದ ಕಿವಿಯ ಹತ್ತಿರ ಅಲ್ಲಾಡಿಸಿದ.

"ಏನಂತದೆ?" ಎಂದಳು ಸಿಂಧು.

ಅವನು ಅದನ್ನು ಕೆಳಗಿಟ್ಟು ಟೀ ಅಂಗಡಿಯ ಕಡೆ ನಡೆದ. ಐದಕ್ಕೆ ಇಪ್ಪತ್ತು ನಿಮಿಷವಿದ್ದಾಗ ಅಲ್ಲಿಂದ ಅವನ ದನಿ ಕೇಳಿಸಿತು. "ಸೂರ್ಯಪ್ರಕಾಶ್, ಆಟೋಮ್ಯಾಟಿಕ್ಕೇ ಬರ್ಕಳ್ರೀ. ಇಂಥ ಸ್ಪೀಡಿನ ಗಾಡೀಗೆ ಕ್ಲಚ್ಚು ಅನ್ನೋದೇ ದಂಡ ಕಣ್ರೀ. ಮನೇಲಿ ಮೊದ್ಲಿಂದ್ಲೂ ಬಡ್ಕಂತಿದ್ದೆ, ಯಾರ್ ಕೇಳ್ತಾರೆ?"

ಗಂಗರಾಜು ಪಾನಾ ಹಿಡಿದುಕೊಂಡೇ ನಕ್ಕ. ಸಿಂಧು ನಗಲಿಲ್ಲ. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಸುಳ್ಳನ್ನು ತಿದ್ದಲು ಹೋದರೆ ಇನ್ನೊಂದು ಭಾನುವಾರ ಹಾಳಾಗುತ್ತಿತ್ತು.

"ಆ ಹಳೇದನ್ನ ನಂಗೆ ಕೊಡಿ ಗಂಗರಾಜು."

"ಗುಜರಿಗೆ ಹೋಗೋದು ಮೇಡಂ, ಯಾತಕ್ಕೆ?"

"ಪಾಠಕ್ಕೆ."

ಜೂನ್ ಮೊದಲ ಸೋಮವಾರ ಅವಳು ಹೊಸ ಕಾರನ್ನು ತಾನೇ ಓಡಿಸಿಕೊಂಡು ಕಾಲೇಜಿಗೆ ಹೋದಳು. ಎಡಗಾಲು ನೆಲದ ಮೇಲೆ ಸುಮ್ಮನಿತ್ತು. ಪಕ್ಕದ ಸೀಟಿನಲ್ಲಿ ಪೇಪರು ಸುತ್ತಿದ ಪ್ಲೇಟು. ಪ್ರಯೋಗಾಲಯದಲ್ಲಿ ವರ್ನಿಯರ್ ಹಿಡಿದು ಮೂರು ಕಡೆ ಅಳೆದು, ಸರಾಸರಿ ತೆಗೆದು, ಚೀಟಿ ಬರೆದು ಗಾಜಿನ ಬೀರುವಿನಲ್ಲಿಟ್ಟಳು. ಓಡಿಸಿದವರ ಹೆಸರು ಬರೆಯಲಿಲ್ಲ. ಘರ್ಷಣೆಯಿಂದ ಸವೆದ ಕ್ಲಚ್ ಪ್ಲೇಟು. ಬಳಕೆ: ಹನ್ನೊಂದು ತಿಂಗಳು. ಹೊಸದರ ದಪ್ಪ 8.1 ಮಿಲಿಮೀಟರ್, ಇದರದು 5.8.