ಬಕ್ರೀದಿನ ಮರುದಿನದ ಆಜಾನ್

ಬಕ್ರೀದಿನ ಮರುದಿನ ಮಧ್ಯಾಹ್ನದ ಆಜಾನ್‌ನಲ್ಲಿ, ಮಸೀದಿಯಲ್ಲಿ ದಿನವೂ ಆಜಾನ್ ಕೂಗುವ ಮೊಂಜಿ "ನಿದ್ದೆಗಿಂತ ನಮಾಜು ಲೇಸು" ಎಂದು ಕೂಗಿದ. ಅದು ನಸುಕಿನ ಆಜಾನ್‌ನಲ್ಲಿ ಮಾತ್ರ ಬರುವ ಸಾಲು. ನಫ್ತಾ ಊರಿನ ಮನೆಗಳಲ್ಲಿ ಆಗ ಎಲ್ಲರೂ ಎಚ್ಚರವಾಗಿಯೇ ಇದ್ದರು, ಕೈಯಲ್ಲಿ ಕುರಿಯ ಪಕ್ಕೆಲುಬು. ಮಕ್ಕಳು ನಕ್ಕರು.

ಮೈಕಿನ ಮುಂದಿನಿಂದ ಬಂದವನ ನಾಲಗೆ ತೊದಲುತ್ತಿತ್ತು, ಕೈ ನಡುಗುತ್ತಿತ್ತು. ಮಸೀದಿಯ ಉಸ್ತುವಾರಿ ಹಾಜಿ ಅಮಾರ್ ಅವನ ಬಾಯಿ ಮೂಸಿದ. ಬೆಳ್ಳುಳ್ಳಿ, ಜೀರಿಗೆಯ ಹೊರತು ಏನೂ ಸಿಗಲಿಲ್ಲ.

"ನಾತ ಬರದ ಹೆಂಡ ಯಾವ ತೋಟದ್ದಪ್ಪಾ? ನಮಗೂ ಹೇಳು."

ಖರ್ಜೂರದ ಹೆಂಡ ಇಳಿಸುವವರು ಊರಲ್ಲಿ ಬೇಕಾದಷ್ಟಿದ್ದರು. ಮೊಂಜಿ ಕುಡಿದವನಲ್ಲ. ಆದರೆ ಅಂದಿನಿಂದ ಮೈಕು ಬೇರೆಯವನ ಕೈಗೆ ಹೋಯಿತು. ಮೊಂಜಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಹೆಂಡತಿ ಸಾಲ್ಹಾ ಅವನನ್ನು ಬಸ್ಸಿನಲ್ಲಿ ಸ್ಫಾಕ್ಸ್‌ನ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿಯೂ ಮೊದಲ ಪ್ರಶ್ನೆ ಎಷ್ಟು ಕುಡಿಯುತ್ತೀರಿ ಎಂಬುದೇ. ಹಬ್ಬ, ಮದುವೆ ಆದಾಗಲೆಲ್ಲ ಎರಡು ದಿನ ಹೀಗೇ ಮಂಕಾಗುತ್ತಾನೆ, ಅತಿಯಾಗಿ ತಿಂದದ್ದಕ್ಕೆಂದು ಸುಮ್ಮನಿದ್ದೆವು ಎಂದಳು ಸಾಲ್ಹಾ. ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು. ಡಾಕ್ಟರ್ ರಫೀಕಾ ಪರದೆಯನ್ನು ಇವರ ಕಡೆ ತಿರುಗಿಸಿದಳು.

"ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗಿ ಸೋಸಿಕೊಂಡು ಬರಬೇಕು. ನಿಮಗೆ ಅಲ್ಲಿಗೆ ಹೋಗೋ ರಕ್ತನಾಳವೇ ಇಲ್ಲ. ಹುಟ್ಟಿನಿಂದಲೇ ಆ ರಕ್ತ ನೇರವಾಗಿ ಪಕ್ಕದ ದೊಡ್ಡ ನಾಳಕ್ಕೆ ಸೇರ್ತಿದೆ. ಮಾಂಸ ತಿಂದ್ರೆ ಅದರ ವಿಷ ಸೋಸದೆ ತಲೆಗೆ ಏರುತ್ತೆ. ಇಂಥದ್ದನ್ನ ನಾನು ನೋಡ್ತಿರೋದು ಇದೇ ಮೊದಲು."

ಆಪರೇಷನ್ನಿನಿಂದ ಸರಿಹೋಗುವುದಲ್ಲ; ಆ ದಾರಿ ಮುಚ್ಚಿದರೆ ರಕ್ತಕ್ಕೆ ಬೇರೆ ದಾರಿಯಿಲ್ಲ. ದಿನಾ ಒಂದು ಸಿರಪ್ಪು, ಮಾಂಸ ಹೆಚ್ಚುಕಡಿಮೆ ಬಂದ್. ಮೊಂಜಿ ಕೇಳಿದ್ದು ಒಂದೇ.

"ಆಜಾನ್ ಕೂಗಬಹುದಾ?"

"ಮಾಂಸ ಬಿಟ್ರೆ ಕೂಗಿ."

ಊರಿಗೆ ಮರಳಿ ತೋರಿಸಿದಾಗ ಅಮಾರ್ ಸ್ಕ್ಯಾನಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ತಲೆಕೆಳಗು ಮಾಡಿ ನೋಡಿದ. ಕುಡಿದು ಕೆಟ್ಟ ಹೊಟ್ಟೆಯೂ ಹೀಗೇ ಕಾಣುತ್ತದೇನೋ ಎಂದ. ಇಮಾಮರು ಮಾತ್ರ ಮೊಂಜಿಗೆ ಮೈಕು ವಾಪಸು ಕೊಟ್ಟರು.

ಮುಂದಿನ ಬಕ್ರೀದಿಗೆ ಮೊಂಜಿಯೇ ಕುರಿ ಕೊಯ್ದು ಹಂಚಿದ. ಸಾಲ್ಹಾ ಅವನಿಗೆ ಕಡಲೆ ಬೇಯಿಸಿದಳು. ಮರುದಿನ ಮಧ್ಯಾಹ್ನ ಮಸೀದಿಯ ಬಾಗಿಲಲ್ಲಿ ಅಮಾರ್ ನಿಂತಿದ್ದ.

"ಏನು ತಿಂದೆ?"

"ಕಡಲೆ ಸಾರು, ಹಾಜಿ."

"ಕೇಳಿಸ್ಲಿಲ್ಲ," ಎಂದು ಅಮಾರ್ ಮೂಗು ಮುಂದೆ ಮಾಡಿ ಹತ್ತಿರ ಬಂದ. ಮೊಂಜಿ ಬಾಯಿ ಅಗಲಿಸಿ ಅವನ ಮುಖಕ್ಕೆ ಉಸಿರು ಬಿಟ್ಟು ಒಳಹೋದ.

ಆಜಾನ್ ಶುರುವಾಯಿತು. ಮನೆಮನೆಗಳಲ್ಲಿ ಪಕ್ಕೆಲುಬು ಹಿಡಿದವರು ಆ ಒಂದು ಸಾಲು ಬರುತ್ತದೇನೋ ಎಂದು ಅಗಿಯುವುದನ್ನು ನಿಲ್ಲಿಸಿ ಕಾದರು. ಬರಲಿಲ್ಲ. ಮತ್ತೆ ತಿನ್ನತೊಡಗಿದರು.